ಕಂಪೈಲ್ ಆದರೆ ಸಾಲದು: ಪ್ರೋಗ್ರಾಮಿಂಗ್ ಮತ್ತು ಕಂಟ್ರೋಲ್ ಸಿಸ್ಟಮ್ಸ್ ಬಗೆಗಿನ ತಪ್ಪು ಕಲ್ಪನೆಗಳು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳುವ ಬುದ್ಧಿಮಾತುಗಳಲ್ಲಿ ಎರಡು ತಪ್ಪದೆ ಇರುತ್ತವೆ. ಸಿ ಪ್ರೋಗ್ರಾಮಿಂಗ್ ಬಗ್ಗೆ, ‘ಲ್ಯಾಬ್ ಪ್ರೋಗ್ರಾಂಗಳನ್ನು ಉರು ಹೊಡೆದುಬಿಡು, ಸಾಕು.’ ಕಂಟ್ರೋಲ್ ಸಿಸ್ಟಮ್ಸ್ ಬಗ್ಗೆ, ‘ಅದು ಬರೀ ಗಣಿತ ಕಣೋ, ರೂಟ್ ಲೋಕಸ್ ಬಿಡಿಸೋ ಸ್ಟೆಪ್ಸ್ ನೆನಪಿಟ್ಕೋ.’ ಈ ಮಾತು ಕೇಳಿದವರು ಪಾಸಾಗುತ್ತಾರೆ, ನಿಜ. ಆದರೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಮೋಟಾರು ತಂದು ಮೇಜಿನ ಮೇಲಿಟ್ಟಾಗ, ಅದರ ವೇಗ ಯಾಕೆ ಒಂದೇ ಸಮ ಇರುತ್ತಿಲ್ಲ ಎಂದು ತೋಚದೆ ಕೂರುವವರೂ ಇವರೇ.

ಈ ಎರಡು ವಿಷಯಗಳನ್ನು ಕಲಿಸುತ್ತ ಬಂದ ನನಗೆ ಇವು ಒಂದೇ ಕೆಲಸದ ಎರಡು ಅರ್ಧಗಳಂತೆ ಕಾಣುತ್ತವೆ. ಯಂತ್ರಕ್ಕೆ ಕೆಲಸ ಹೇಳುವುದು ಪ್ರೋಗ್ರಾಮಿಂಗ್. ಹೇಳಿದ ಕೆಲಸ ಆಯಿತೇ ಎಂದು ಅಳೆದು, ಆಗದಿದ್ದರೆ ತಿದ್ದುವುದು ಕಂಟ್ರೋಲ್. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿತವರಿಗೆ ಎರಡೂ ದಕ್ಕುವುದಿಲ್ಲ. ದಾರಿಗೆ ಅಡ್ಡ ನಿಂತಿರುವ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನಮ್ಮದು ಮೆಕ್ಯಾನಿಕಲ್ ಬ್ರಾಂಚು. ಕೋಡಿಂಗ್ ಕಂಪ್ಯೂಟರ್ ಸೈನ್ಸ್‌ನವರಿಗೆ.

ವಾಸ್ತವ: ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ನಿಂತಿರುವ ಬೈಕುಗಳನ್ನು ನೋಡಿದರೆ ಉತ್ತರ ಸಿಗುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಬಹುಮಟ್ಟಿಗೆ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಎಂಜಿನ್ ಕಂಟ್ರೋಲ್ ಯೂನಿಟ್‌ನಲ್ಲಿರುವ ಪ್ರೋಗ್ರಾಂ ಆ ಅಳತೆ ನೋಡಿಕೊಂಡು ಪೆಟ್ರೋಲು ಚಿಮ್ಮಿಸುವ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇದು ಫೀಡ್‌ಬ್ಯಾಕ್, ಅದನ್ನು ನಡೆಸುತ್ತಿರುವುದು ಕೋಡ್. ಬೈಕಿನ ಎಂಜಿನ್ ಮೆಕ್ಯಾನಿಕಲ್ ವಿದ್ಯಾರ್ಥಿಯ ಸ್ವಂತ ವಿಷಯವಲ್ಲವೇ? ಪೀಣ್ಯದ ಯಾವ ಸಣ್ಣ ಕಾರ್ಖಾನೆಗೆ ಹೋದರೂ ಪಿಎಲ್‌ಸಿ, ಸಿಎನ್‌ಸಿ ಯಂತ್ರಗಳ ಮುಂದೆ ನಿಂತು ಕೆಲಸ ಮಾಡುವವರಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು ವಿರಳ.

ತಪ್ಪು ಕಲ್ಪನೆ: ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪ್ರೋಗ್ರಾಮಿಂಗ್ ಕಷ್ಟ.

ವಾಸ್ತವ: ಈ ಮಾತು ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳ ಧೈರ್ಯವನ್ನು ಮೊದಲ ತಿಂಗಳಲ್ಲೇ ಕಸಿದುಕೊಳ್ಳುತ್ತದೆ. ಹಾಗಾಗಿ ಇದನ್ನು ನೇರವಾಗಿ ಅಲ್ಲಗಳೆಯಬೇಕು. 1989ರ ಆನ್ಸಿ ಮಾನಕದ ಪ್ರಕಾರ ಸಿ ಭಾಷೆಯಲ್ಲಿರುವ ಕೀವರ್ಡ್‌ಗಳು 32. ಪಿಯುಸಿಯ ಒಂದು ಇಂಗ್ಲಿಷ್ ಪಾಠದಲ್ಲಿ ಅದಕ್ಕಿಂತ ಹೆಚ್ಚು ಹೊಸ ಪದಗಳಿರುತ್ತವೆ. ಉಳಿದದ್ದೆಲ್ಲ ಕ್ರಮವಾಗಿ ಯೋಚಿಸುವ ಕೆಲಸ, ಅದನ್ನು ಕನ್ನಡದಲ್ಲೇ ಮಾಡಬಹುದು, ಮಾಡಬೇಕು ಕೂಡ.

ಮನೆಯ ಮೇಲಿನ ನೀರಿನ ಟ್ಯಾಂಕನ್ನೇ ತೆಗೆದುಕೊಳ್ಳಿ. ಪಂಪಿಗೆ ಏನು ಹೇಳಬೇಕು? ನೀರು ಕೆಳಗಿನ ಗುರುತಿಗಿಂತ ಇಳಿದರೆ ಪಂಪ್ ಹಾಕು. ಮೇಲಿನ ಗುರುತು ಮುಟ್ಟಿದರೆ ಆರಿಸು. ಎರಡರ ನಡುವೆ ಇದ್ದರೆ ಈಗ ಹೇಗಿದೆಯೋ ಹಾಗೇ ಬಿಡು. ಸಂಪಿನಲ್ಲಿ ನೀರಿಲ್ಲದಿದ್ದರೆ ಯಾವ ಕಾರಣಕ್ಕೂ ಹಾಕಬೇಡ. ಈ ನಾಲ್ಕು ವಾಕ್ಯಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದ ವಿದ್ಯಾರ್ಥಿ ಪ್ರೋಗ್ರಾಮಿನ ಮುಕ್ಕಾಲು ಭಾಗ ಮುಗಿಸಿದಂತೆ. ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಇವುಗಳಲ್ಲಿ ಯಾವುದನ್ನು ಮೊದಲು ಪರೀಕ್ಷಿಸಬೇಕು? ಕೊನೆಗೆ ಬರೆದ ಸಂಪಿನ ಮಾತೇ ಮೊದಲ ‘ಇಫ್’ ಆಗಬೇಕು, ಇಲ್ಲವಾದರೆ ಪಂಪು ಒಣಗಿದ ಸಂಪಿನಲ್ಲಿ ಓಡಿ ಸುಟ್ಟುಹೋಗುತ್ತದೆ. ಮೂರನೆಯ ವಾಕ್ಯ ಇನ್ನೂ ಮುಖ್ಯ. ಅದನ್ನು ಬಿಟ್ಟು ಒಂದೇ ಗುರುತು ಇಟ್ಟುಕೊಂಡರೆ, ಗುರುತಿನ ಬಳಿ ನೀರು ಅಲೆಯಾಡಿದಾಗಲೆಲ್ಲ ರಿಲೇ ಟಕಟಕ ಎಂದು ಬಡಿದುಕೊಳ್ಳುತ್ತದೆ. ಕಂಟ್ರೋಲ್ ಪುಸ್ತಕದಲ್ಲಿ ಹಿಸ್ಟೆರಿಸಿಸ್ ಎಂದು ಬರುವುದು ಇದೇ. ಫ್ರಿಜ್ಜಿನ, ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್‌ಗಳು ಕೆಲಸ ಮಾಡುವುದೂ ಹೀಗೆಯೇ.

ಕನ್ನಡ ಮಾಧ್ಯಮದ ಮಕ್ಕಳಿಗೆ ತೊಡಕು ಬರುವ ಜಾಗ ಬೇರೆ: ಕಂಪೈಲರ್ ಕೊಡುವ ಎರರ್ ಮೆಸೇಜು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಇಪ್ಪತ್ತು ಸಾಲು ಬಂದ ಕೂಡಲೇ ಗಾಬರಿಯಾಗುತ್ತದೆ. ಮೊದಲ ಸಾಲನ್ನು ಮಾತ್ರ ಓದಿ, ಅದು ಹೇಳಿದ ಲೈನ್ ನಂಬರಿಗೂ ಅದರ ಮೇಲಿನ ಸಾಲಿಗೂ ಹೋಗಿ ನೋಡಿ. ಎಷ್ಟೋ ಸಲ ಒಂದು ಸೆಮಿಕೋಲನ್ ಹಾಕಿದರೆ ಇಪ್ಪತ್ತೂ ಮಾಯವಾಗುತ್ತವೆ. ಮತ್ತೆ ಮತ್ತೆ ಬರುವ ಮೆಸೇಜುಗಳನ್ನು ಅರ್ಥದ ಸಮೇತ ರೆಕಾರ್ಡಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡರೆ ಒಂದು ಸೆಮಿಸ್ಟರಿನಲ್ಲಿ ಭಯ ಹೋಗುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ, ಉಚಿತವಾಗಿ ಸಿಗುತ್ತವೆ.

ತಪ್ಪು ಕಲ್ಪನೆ: ಪ್ರೋಗ್ರಾಂ ಕಂಪೈಲ್ ಆಯಿತು, ಔಟ್‌ಪುಟ್ ಬಂತು. ಅಂದಮೇಲೆ ಸರಿಯಾಗಿದೆ.

ವಾಸ್ತವ: ಉರು ಹೊಡೆದು ಕಲಿತವರು ಸಿಕ್ಕಿಬೀಳುವ ಜಾಗ ಇದು. ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ಬದಲಿಸುವ ಪ್ರೋಗ್ರಾಂ ಎಲ್ಲರೂ ಬರೆಯುತ್ತಾರೆ. ಸೂತ್ರ ಪಾಠದಲ್ಲಿರುವಂತೆಯೇ: 5/9 ಅನ್ನು, ಫ್ಯಾರನ್‌ಹೀಟಿನಿಂದ 32 ಕಳೆದು ಬಂದದ್ದರಿಂದ ಗುಣಿಸು. ಕಂಪೈಲರ್ ಒಂದು ಮಾತೂ ಆಡುವುದಿಲ್ಲ. ವಿದ್ಯಾರ್ಥಿ 32 ಕೊಟ್ಟು ನೋಡುತ್ತಾನೆ, 0 ಬರುತ್ತದೆ. ನೀರು ಹೆಪ್ಪುಗಟ್ಟುವ ಉಷ್ಣತೆ, ಸರಿ ಉತ್ತರ. ರೆಕಾರ್ಡಿಗೆ ಸಹಿ ಬೀಳುತ್ತದೆ. 100 ಕೊಟ್ಟಿದ್ದರೆ? ಆಗಲೂ 0. 212 ಕೊಟ್ಟರೂ 0.

ಕಾರಣ ಸರಳ. ಸಿ ಭಾಷೆಯಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ, ದಶಮಾಂಶ ಭಾಗ ಬಿದ್ದುಹೋಗುತ್ತದೆ. 5/9 ಎಂದರೆ 0, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. 5.0/9 ಎಂದು ಬರೆದರೆ 100ಕ್ಕೆ 37.78 ಬರುತ್ತದೆ. ಸೊನ್ನೆ ಎಲ್ಲಿಂದ ಬಂತು ಎಂದು ಪೆನ್ನು ಹಿಡಿದು ಕಾಗದದ ಮೇಲೆ ಸಾಲು ಸಾಲಾಗಿ ಲೆಕ್ಕ ಹಾಕಿದವನು ಇದನ್ನು ಜನ್ಮಕ್ಕೆ ಮರೆಯುವುದಿಲ್ಲ. ನಾನು ಲ್ಯಾಬಿನಲ್ಲಿ ಇಡುವ ನಿಯಮ ಇದೊಂದೇ: ರನ್ ಒತ್ತುವ ಮೊದಲು ಯಾವ ಸಂಖ್ಯೆ ಬರಬೇಕು ಎಂದು ಬರೆಯಿರಿ, ಆಮೇಲೆ ಒತ್ತಿ. ಬರೆದ ಸಂಖ್ಯೆ, ಬಂದ ಸಂಖ್ಯೆ ಬೇರೆಯಾದರೆ ಅಲ್ಲಿಂದ ಕಲಿಕೆ ಶುರು. ಗಮನಿಸಿ, ಬೇಕಾದದ್ದು ಒಂದು, ಬಂದದ್ದು ಒಂದು, ನಡುವಿನ ವ್ಯತ್ಯಾಸ ನೋಡಿ ತಿದ್ದುವುದು. ಫೀಡ್‌ಬ್ಯಾಕಿನ ಮೊದಲ ಪಾಠ ಕಂಟ್ರೋಲ್ ತರಗತಿಗೆ ಬರುವ ಮೊದಲೇ ಆಗಿಹೋಯಿತು.

ಸಣ್ಣ ತಪ್ಪು ದೊಡ್ಡ ಯಂತ್ರವನ್ನು ಬೀಳಿಸಬಲ್ಲದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ಟಿನ ಮೊದಲ ಹಾರಾಟ ಸುಮಾರು 40 ಸೆಕೆಂಡಿನಲ್ಲಿ ಮುಗಿಯಿತು. 64 ಬಿಟ್ಟಿನ ಒಂದು ದಶಮಾಂಶ ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕವಾಗಿ ಬದಲಿಸುವಾಗ ಅದು ಹಿಡಿಸಲಿಲ್ಲ. ಏರಿಯಾನ್-4ರಲ್ಲಿ ಸರಿಯಾಗಿ ಓಡಿದ್ದ ಸಾಫ್ಟ್‌ವೇರ್ ಅದು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿಕ್ಕು ಅಳೆಯುವ ಘಟಕ ಕೈಕೊಟ್ಟು, ದೋಷದ ಮಾಹಿತಿಯನ್ನೇ ಹೊರಗೆ ಕಳಿಸಿತು. ಮುಖ್ಯ ಕಂಪ್ಯೂಟರ್ ಅದನ್ನು ಹಾರಾಟದ ಅಳತೆ ಎಂದೇ ತಿಳಿದು ನಾಝಲ್‌ಗಳನ್ನು ಪೂರ್ತಿ ತಿರುಗಿಸಿತು. ಕಂಟ್ರೋಲ್ ಲೂಪು ತನ್ನ ಕೆಲಸ ಮಾಡಿತ್ತು. ಅದಕ್ಕೆ ತಲುಪಿದ ಅಳತೆ ಸುಳ್ಳಾಗಿತ್ತು.

ಇದೇ ತಪ್ಪು ನಮ್ಮ ಲ್ಯಾಬಿನ ಮೇಜಿನ ಮೇಲೂ ಆಗುತ್ತದೆ. ಆರ್ಡುಯಿನೊ ಊನೊ ಆರ್3 ಬೋರ್ಡಿನಲ್ಲಿ ‘ಇಂಟ್’ 16 ಬಿಟ್, ಹಿಡಿಸುವ ಅತಿದೊಡ್ಡ ಸಂಖ್ಯೆ 32767. ಒಂದು ಸುತ್ತಿಗೆ 360 ಪಲ್ಸ್ ಕೊಡುವ ಎನ್‌ಕೋಡರನ್ನು ಮೋಟಾರಿಗೆ ಹಾಕಿ, ಅದನ್ನು ನಿಮಿಷಕ್ಕೆ 1000 ಸುತ್ತು ಓಡಿಸಿದರೆ ಸೆಕೆಂಡಿಗೆ 6000 ಪಲ್ಸ್ ಬರುತ್ತವೆ. ಎಣಿಕೆಯನ್ನು ‘ಇಂಟ್’ನಲ್ಲಿ ಇಟ್ಟುಕೊಂಡಿದ್ದರೆ ಐದೂವರೆ ಸೆಕೆಂಡಿನೊಳಗೆ ಅದು ತುಂಬಿ, ಮುಂದಿನ ಪಲ್ಸಿಗೆ ಮೈನಸ್ 32768 ಆಗುತ್ತದೆ. ಒಟ್ಟು ಎಣಿಕೆಯನ್ನು ಸಮಯದಿಂದ ಭಾಗಿಸಿ ವೇಗ ಕಂಡುಹಿಡಿಯುತ್ತಿದ್ದ ಪ್ರೋಗ್ರಾಮಿಗೆ ಈಗ ಮೋಟಾರು ಹಿಂದಕ್ಕೆ ತಿರುಗುತ್ತಿರುವಂತೆ ಕಾಣುತ್ತದೆ. ಮುಂದಕ್ಕೆ ತಿರುಗಿಸಲೆಂದು ಪೂರ್ತಿ ವೋಲ್ಟೇಜ್ ಕೊಡುತ್ತದೆ, ಮೋಟಾರು ಕಿರುಚಿಕೊಂಡು ಓಡುತ್ತದೆ. ಹುಡುಗರು ಪಿಐಡಿ ಕಂಟ್ರೋಲರಿನ ಗೇನ್, ಅಂದರೆ ವ್ಯತ್ಯಾಸವನ್ನು ಗುಣಿಸುವ ಸಂಖ್ಯೆ, ಬದಲಿಸುತ್ತ ಇಡೀ ಮಧ್ಯಾಹ್ನ ಕಳೆಯುತ್ತಾರೆ. ತಪ್ಪಿದ್ದದ್ದು ಕಂಟ್ರೋಲ್‌ನಲ್ಲಲ್ಲ, ‘ಇಂಟ್’ ಎಂಬ ಒಂದು ಪದದಲ್ಲಿ. ‘ಲಾಂಗ್’ ಎಂದು ಬದಲಿಸಿದರೆ ಅದೇ ಎಣಿಕೆ ತುಂಬಲು ನಾಲ್ಕು ದಿನಕ್ಕಿಂತ ಹೆಚ್ಚು ಬೇಕು. ವಾರಗಟ್ಟಲೆ ಓಡುವ ಯಂತ್ರಕ್ಕಾದರೆ ಅದೂ ಸಾಲದು. ಪ್ರತಿ ಅಳತೆಯ ನಂತರ ಎಣಿಕೆಯನ್ನು ಸೊನ್ನೆಗೆ ತರಬೇಕು.

ತಪ್ಪು ಕಲ್ಪನೆ: ಕಂಟ್ರೋಲ್ ಸಿಸ್ಟಮ್ಸ್ ಅಂದರೆ ಬರೀ ಲಾಪ್ಲಾಸ್, ಟೇಬಲ್ಲು, ಗ್ರಾಫು. ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ವಾಸ್ತವ: ಇತಿಹಾಸ ಇದಕ್ಕೆ ತದ್ವಿರುದ್ಧ. ಯಂತ್ರ ಮೊದಲು ಬಂತು, ಗಣಿತ ಆಮೇಲೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರದ ವೇಗ ಹಿಡಿದಿಡಲು ತಿರುಗುವ ಗುಂಡುಗಳ ಗವರ್ನರ್ ಅಳವಡಿಸಿದ. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯ ಕವಾಟವನ್ನು ಮುಚ್ಚಿಸುತ್ತಿದ್ದವು. ಆದರೆ ಗವರ್ನರ್ ಹಾಕಿದ ಎಷ್ಟೋ ಯಂತ್ರಗಳು ವೇಗ ಹಿಡಿದಿಡುವ ಬದಲು ಏರುತ್ತ ಇಳಿಯುತ್ತ ಓಲಾಡುತ್ತಿದ್ದವು. ಯಾಕೆ ಎಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರ ಹುಡುಕಿದವನು ಮ್ಯಾಕ್ಸ್‌ವೆಲ್, 1868ರಲ್ಲಿ. ಸಮೀಕರಣದ ಮೂಲಗಳು ಎಲ್ಲಿ ಬೀಳುತ್ತವೆ ಎಂಬುದರ ಮೇಲೆ ಯಂತ್ರದ ಓಲಾಟ ನಿಂತಿದೆ ಎಂದು ಅವನು ತೋರಿಸಿದ. ಆದರೆ ಐದಾರನೇ ಘಾತದ ಸಮೀಕರಣ ಬಿಡಿಸಲು ಆಗ ಕಂಪ್ಯೂಟರ್ ಎಲ್ಲಿತ್ತು? ಮೂಲಗಳನ್ನು ಕಂಡುಹಿಡಿಯದೆಯೇ ಅವು ಸುರಕ್ಷಿತ ಭಾಗದಲ್ಲಿವೆಯೇ ಎಂದು ಹೇಳುವ ಉಪಾಯವನ್ನು ರೌತ್ 1877ರಲ್ಲಿ ಕೊಟ್ಟ. ನಮ್ಮ ಮಕ್ಕಳು ಹತ್ತು ಅಂಕಕ್ಕೆಂದು ಕಣ್ಣುಮುಚ್ಚಿ ತುಂಬಿಸುವ ರೌತ್ ಟೇಬಲ್ಲಿನ ಬೇರು ಉಗಿಯಂತ್ರದ ಮನೆಯಲ್ಲಿದೆ. ಈ ಕತೆಗೆ ಹತ್ತು ನಿಮಿಷ ಕೊಡದೆ ಟೇಬಲ್ಲನ್ನು ಕಲಿಸುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ.

ಗವರ್ನರ್ ಇವತ್ತೂ ಇದೆ. ಜೋಗದ ಸಮೀಪದ ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಯೂನಿಟ್‌ಗಳಿವೆ. ಸಂಜೆ ಊರೂರಲ್ಲಿ ದೀಪ ಹತ್ತಿದಾಗ ಬೇಡಿಕೆ ಏರಿ ಗ್ರಿಡ್ಡಿನ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಕೆಳಗೆ ಜಾರತೊಡಗುತ್ತದೆ. ನಮ್ಮ ದೇಶದ ಗ್ರಿಡ್ ನಿಯಮ ಅದನ್ನು 49.90 ಮತ್ತು 50.05ರ ನಡುವೆ ಇಡಬೇಕೆನ್ನುತ್ತದೆ. ಗವರ್ನರ್ ಟರ್ಬೈನಿಗೆ ಹೆಚ್ಚು ನೀರು ಬಿಡಿಸುತ್ತದೆ. ಕುತೂಹಲದ ವಿಷಯ ಇಲ್ಲಿದೆ: ನೀರಿನ ದಾರಿಯನ್ನು ತಟ್ಟನೆ ಅಗಲ ಮಾಡಿದರೆ ಮೊದಲ ಕ್ಷಣದಲ್ಲಿ ವಿದ್ಯುತ್ತು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ! ಬೆಟ್ಟದಿಂದ ಇಳಿಯುವ ಪೆನ್‌ಸ್ಟಾಕ್ ಕೊಳವೆಯಲ್ಲಿರುವ ಭಾರಿ ನೀರಿನ ಕಂಬ ವೇಗ ಪಡೆಯಲು ಹೊತ್ತು ಬೇಕು. ಅಷ್ಟರೊಳಗೆ ಬಾಯಿ ಅಗಲವಾದ್ದರಿಂದ ಅಲ್ಲಿ ಒತ್ತಡ ಕುಸಿಯುತ್ತದೆ. ಅವಸರದ ಗವರ್ನರ್ ಇದನ್ನು ನೋಡಿ ಇನ್ನಷ್ಟು ತೆರೆಯುತ್ತದೆ, ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಹಾಗಾಗಿ ಜಲವಿದ್ಯುತ್ತಿನ ಗವರ್ನರನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. ಪುಸ್ತಕದಲ್ಲಿ ‘ಬಲ ಅರ್ಧತಲದಲ್ಲಿ ಝೀರೊ’ ಎಂದು ಒಂದು ಸಣ್ಣ ಸೊನ್ನೆ ಬರೆದು ಮುಂದೆ ಹೋಗುತ್ತೇವಲ್ಲ, ಅದರ ಅರ್ಥ ಇಷ್ಟು ದೊಡ್ಡದು.

ತಪ್ಪು ಕಲ್ಪನೆ: ಗೇನ್ ಹೆಚ್ಚಿಸಿದಷ್ಟೂ ಕಂಟ್ರೋಲ್ ಚೆನ್ನಾಗಿರುತ್ತದೆ.

ವಾಸ್ತವ: ಅರ್ಧ ನಿಜ. ಅರ್ಧ ನಿಜವಾದ ಮಾತನ್ನು ತಿದ್ದುವುದು ಕಷ್ಟ, ಅದಕ್ಕೇ ಅಂಕಿಗಳಲ್ಲಿ ನೋಡೋಣ. ವೋಲ್ಟಿಗೆ 100 ಆರ್‌ಪಿಎಂ ತಿರುಗುವ, 12 ವೋಲ್ಟಿನ ಒಂದು ಮೋಟಾರು. ಬೇಕಾದ ವೇಗ 1000. ಪ್ರೋಗ್ರಾಂ ಮಾಡುವುದಿಷ್ಟೇ: ಬೇಕಾದ ವೇಗದಿಂದ ಇರುವ ವೇಗ ಕಳೆದು, ವ್ಯತ್ಯಾಸವನ್ನು 0.04ರಿಂದ ಗುಣಿಸಿ, ಬಂದಷ್ಟು ವೋಲ್ಟ್ ಕೊಡುವುದು. ಮೋಟಾರು 800ರಲ್ಲಿ ನಿಲ್ಲುತ್ತದೆ. ಪರೀಕ್ಷಿಸಿ: ವ್ಯತ್ಯಾಸ 200, ಅದಕ್ಕೆ 8 ವೋಲ್ಟ್, 8 ವೋಲ್ಟಿಗೆ 800. ಗೇನನ್ನು 0.09 ಮಾಡಿದರೆ 900ರಲ್ಲಿ ನಿಲ್ಲುತ್ತದೆ. ಎಷ್ಟು ಏರಿಸಿದರೂ 1000 ಮುಟ್ಟುವುದಿಲ್ಲ. ಮುಟ್ಟಿದ ಕ್ಷಣ ವ್ಯತ್ಯಾಸ ಸೊನ್ನೆ, ವೋಲ್ಟೇಜೂ ಸೊನ್ನೆ. ಮೋಟಾರಿಗೆ 1000ದಲ್ಲಿ ಓಡಲು 10 ವೋಲ್ಟ್ ಬೇಕೇ ಬೇಕು. ಆ 10 ವೋಲ್ಟನ್ನು ಹಿಡಿದಿಟ್ಟುಕೊಳ್ಳುವುದು ಪಿಐಡಿಯ ಇಂಟಿಗ್ರಲ್ ಭಾಗದ ಕೆಲಸ: ಹಿಂದಿನ ವ್ಯತ್ಯಾಸಗಳನ್ನೆಲ್ಲ ಕೂಡಿಡುವುದರಿಂದ, ಈಗಿನ ವ್ಯತ್ಯಾಸ ಸೊನ್ನೆಯಾದರೂ ಅದರಲ್ಲಿ ಮೊತ್ತ ಉಳಿದಿರುತ್ತದೆ. ಸ್ಟೆಡಿ ಸ್ಟೇಟ್ ಎರರ್ ಎಂದು ಉರು ಹೊಡೆಯುವ ಅಧ್ಯಾಯದ ತಿರುಳು ಇಷ್ಟೇ.

ಈಗ ಅದೇ ಮೋಟಾರು, ಅದೇ 0.04. ಪ್ರೋಗ್ರಾಮಿನಲ್ಲಿ ಎಲ್‌ಸಿಡಿಯ ಮೇಲೆ ವೇಗ ತೋರಿಸಲೆಂದು ಅರ್ಧ ಸೆಕೆಂಡಿನ ‘ಡಿಲೇ’ ಸೇರಿಸಿ. ಸಣ್ಣ ಮೋಟಾರು ಅಷ್ಟರಲ್ಲಿ ತನ್ನ ಪೂರ್ಣ ವೇಗ ಮುಟ್ಟಿಬಿಡುತ್ತದೆ. ಮೊದಲು ವೇಗ 0, ವ್ಯತ್ಯಾಸ 1000, ಲೆಕ್ಕಕ್ಕೆ 40 ವೋಲ್ಟ್, ಸಿಗುವುದು 12. ಅರ್ಧ ಸೆಕೆಂಡಿನ ನಂತರ ನೋಡಿದರೆ ವೇಗ 1200. ವ್ಯತ್ಯಾಸ ಮೈನಸ್, ವೋಲ್ಟೇಜ್ ಸೊನ್ನೆ. ಇನ್ನರ್ಧ ಸೆಕೆಂಡಿಗೆ ವೇಗ 0. ಮತ್ತೆ 1200, ಮತ್ತೆ 0. ಗೇನ್ ಬದಲಾಗಿಲ್ಲ, ಮೋಟಾರು ಬದಲಾಗಿಲ್ಲ. ಬದಲಾದದ್ದು ಹಳೆಯ ಸುದ್ದಿ ನಂಬಿ ಕೆಲಸ ಮಾಡುವಂತೆ ಆದ ಪ್ರೋಗ್ರಾಂ. ಸಿ ಕ್ಲಾಸಿನಲ್ಲಿ ಬಲ್ಬ್ ಮಿನುಗಿಸಲು ಕಲಿತ ‘ಡಿಲೇ’ ಕಂಟ್ರೋಲ್ ಕ್ಲಾಸಿನ ಸ್ಟೆಬಿಲಿಟಿಯನ್ನು ಮುರಿಯುತ್ತದೆ. ಇವು ಬೇರೆ ಬೇರೆ ವಿಷಯ ಎನ್ನುವವರಿಗೆ ನಾನು ತೋರಿಸುವುದು ಇದೊಂದು ಪ್ರಯೋಗವನ್ನು.

ತಪ್ಪು ಕಲ್ಪನೆ: ಕಂಪ್ಯೂಟರಿನ ಸಿಮ್ಯುಲೇಷನ್‌ನಲ್ಲಿ ಸರಿ ಬಂದರೆ ಮುಗಿಯಿತು.

ವಾಸ್ತವ: ಸಿಮ್ಯುಲೇಷನ್ ನಾವು ಹೇಳಿದ್ದನ್ನು ಮಾತ್ರ ತಿಳಿದಿರುತ್ತದೆ. 40 ವೋಲ್ಟ್ ಕೇಳಿದರೆ 40 ಕೊಡುತ್ತದೆ. ಮೇಜಿನ ಮೇಲಿನ ಪವರ್ ಸಪ್ಲೈ 12ಕ್ಕೆ ನಿಲ್ಲುತ್ತದೆ. ಯಾರಾದರೂ ಮೋಟಾರಿನ ಶಾಫ್ಟನ್ನು ಸ್ವಲ್ಪ ಹೊತ್ತು ಹಿಡಿದು ಬಿಟ್ಟರೆ, ಅಷ್ಟರಲ್ಲಿ ಇಂಟಿಗ್ರಲ್ ಮೊತ್ತ ಬೆಟ್ಟದಷ್ಟು ಬೆಳೆದು, ಬಿಟ್ಟ ಮೇಲೂ ಮೋಟಾರು ಬಹಳ ಹೊತ್ತು ಮಿತಿಮೀರಿ ಓಡುತ್ತದೆ. ಮೊತ್ತಕ್ಕೆ ಒಂದು ಮಿತಿ ಹಾಕುವ ‘ಇಫ್’ ಸಾಲು ಇದಕ್ಕೆ ಮದ್ದು. ಸಿಮ್ಯುಲೇಷನ್ ಬೇಡವೆಂದಲ್ಲ, ಮೊದಲು ಅದರಲ್ಲೇ ನೋಡಿ, ಆಮೇಲೆ ಯಂತ್ರದ ಮುಂದೆ ನಿಲ್ಲಿ.

ತಪ್ಪು ಕಲ್ಪನೆ: ಇದಕ್ಕೆಲ್ಲ ದುಬಾರಿ ಲ್ಯಾಪ್‌ಟಾಪು, ದುಬಾರಿ ಸಾಫ್ಟ್‌ವೇರು ಬೇಕು.

ವಾಸ್ತವ: ಬೇಡ. ಸೈಲ್ಯಾಬ್, ಆಕ್ಟೇವ್ ಉಚಿತ. ಊನೊ ಆರ್3 ಬೋರ್ಡಿನಲ್ಲಿ ಪ್ರೋಗ್ರಾಮಿಗೆ 32 ಕಿಲೋಬೈಟ್, ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಪಿಐಡಿ ಅಷ್ಟರಲ್ಲೇ ಆರಾಮಾಗಿ ಓಡುತ್ತದೆ.

ತಪ್ಪು ಕಲ್ಪನೆ: ಈಗ ಎಐ ಕೋಡ್ ಬರೆದುಕೊಡುತ್ತದೆ, ನಾವು ಕಲಿಯುವುದೇಕೆ?

ವಾಸ್ತವ: ಬರೆದುಕೊಡುತ್ತದೆ, ಬಹಳ ಸಲ ಚೆನ್ನಾಗಿಯೇ. ಆದರೆ ನಿಮ್ಮ ಎನ್‌ಕೋಡರ್ ಎಷ್ಟು ಪಲ್ಸಿನದು, ಸಪ್ಲೈ ಎಷ್ಟು ವೋಲ್ಟಿನದು, ಯಂತ್ರ ಎಷ್ಟು ದಿನ ನಿಲ್ಲದೆ ಓಡಬೇಕು ಎಂಬುದು ನೀವು ಹೇಳದೆ ಅದಕ್ಕೆ ಗೊತ್ತಾಗದು. ಏನು ಹೇಳಬೇಕು ಎಂದು ತಿಳಿಯಲು, ಬಂದ ಕೋಡಿನಲ್ಲಿ ‘ಇಂಟ್’ ಕಂಡ ಕೂಡಲೇ ಕೈ ತಡೆಯಲು, ಮೇಲೆ ಹೇಳಿದ್ದೆಲ್ಲ ತಲೆಯಲ್ಲಿರಬೇಕು. ತಿರುಗುವ ಯಂತ್ರದ ಪಕ್ಕದಲ್ಲಿ ನಿಲ್ಲುವವರು ಮನುಷ್ಯರು. ಆ ಕೋಡಿಗೆ ಸಹಿ ಹಾಕುವ ಎಂಜಿನಿಯರಿಗೆ ಅದು ಅರ್ಥವಾಗಿರಲೇಬೇಕು.

ಕೊನೆಗೆ ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಇಂಟರ್ನಲ್ಸ್‌ನಲ್ಲಿ ಸಿ ಪ್ರೋಗ್ರಾಂ ಬರೆಯಿರಿ ಎಂದು ಕೇಳುವ ಬದಲು, ತಪ್ಪಿರುವ ಹತ್ತು ಸಾಲಿನ ಒಂದು ಪ್ರೋಗ್ರಾಂ ಕೊಟ್ಟು ಔಟ್‌ಪುಟ್ ಏನು ಬರುತ್ತದೆ, ಯಾಕೆ ಎಂದು ಕೇಳಿ. ರೂಟ್ ಲೋಕಸ್ ಪ್ರಶ್ನೆಯ ಕೆಳಗೆ, ‘ಇದು ಯಾವ ಯಂತ್ರದ್ದಾಗಿರಬಹುದು, ಗೇನ್ ಹೆಚ್ಚಿಸಿದರೆ ಅದು ಏನು ಮಾಡುತ್ತದೆ?’ ಎಂದು ಒಂದು ಸಾಲು ಸೇರಿಸಿ. ಅದಕ್ಕೆ ಎರಡೇ ಅಂಕ ಇಟ್ಟರೂ ಸಾಕು, ಮಕ್ಕಳು ಓದುವ ರೀತಿ ಬದಲಾಗುತ್ತದೆ.